ಬ್ಯಾಟರಿ ಹತ್ತು ತಿಂಗಳು ಚೆನ್ನಾಗಿತ್ತು, ಆಮೇಲೆ ಎರಡೇ ತಿಂಗಳಲ್ಲಿ ಕುಸಿಯಿತು. ಇದು ಸವಕಳಿಯೋ, ದೋಷವೋ?

ಕಾನಂಚಿನ ಮನೆ (ಶಿರಸಿ), 2 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಅರ್ಧ ಹೇಳಿದರೆ "ಹೊಸ ಬ್ಯಾಟರಿ ಹಾಕಿಸಿ" ಅನ್ನುವ ಉತ್ತರ ಬರುತ್ತದೆ, ಅದನ್ನು ಈಗಾಗಲೇ ನಾಲ್ಕು ಜನರ ಬಾಯಲ್ಲಿ ಕೇಳಿದ್ದೇನೆ.

ನಮ್ಮದು ಶಿರಸಿ ತಾಲೂಕು, ವಾನಳ್ಳಿ ಕಡೆ. ನಾನು ಮನೆಯಲ್ಲೇ ಕೂತು ವಿಡಿಯೋಗಳಿಗೆ ಸಬ್‌ಟೈಟಲ್ ಮಾಡುತ್ತೇನೆ. ಹೆಚ್ಚಿನವು ತಾಳಮದ್ದಳೆ, ಯಕ್ಷಗಾನದ್ದೇ. ಅರ್ಥಧಾರಿಗಳು (ಪಾತ್ರದ ಮಾತು ಆಡುವವರು) ಒಂದೇ ಉಸಿರಿಗೆ ಮೂರು ವಾಕ್ಯ ಹೇಳಿಬಿಡುತ್ತಾರೆ. ಅದನ್ನು ಒಡೆದು, ಪ್ರತಿ ಸಾಲಿಗೂ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಕೂರಿಸಬೇಕು. ಮೂರು ಗಂಟೆಯ ಪ್ರಸಂಗಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ದುಡ್ಡು ಬರುವುದು ಇದರಿಂದಲೇ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಗಾಳಿಗೆ ಮರ ತಂತಿಯ ಮೇಲೆ ಬಿತ್ತೆಂದರೆ ಕೆಲವು ಸಲ ಎರಡು ದಿನ ಬರುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಅತ್ತೆಗೆ ಉಬ್ಬಸ, ರಾತ್ರಿ ನೆಬ್ಯುಲೈಸರ್ ಬೇಕಾಗುತ್ತದೆ. ಹಾಗಾಗಿ ಇನ್ವರ್ಟರಿಗೆ ನಾಲ್ಕು ದೀಪ, ವೈಫೈ, ನೆಬ್ಯುಲೈಸರ್ ಬಿಟ್ಟು ಬೇರೇನೂ ಹಾಕಬಾರದು ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೇನೆ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆಯೇ ನಡೆಯಬೇಕು. ಕೊಳ್ಳುವಾಗ ಬೇರೆ ಎಲ್ಲಕ್ಕಿಂತ ಬ್ಯಾಟರಿ ನೋಡಿಯೇ ಕೊಂಡೆ.

ಕೊಂಡಿದ್ದು 2024ರ ಜುಲೈ 18, ಶಿರಸಿಯ ಅಂಗಡಿಯಲ್ಲಿ, 58,500 ರೂ., ಬಿಲ್ ನನ್ನ ಹೆಸರಿನಲ್ಲಿದೆ. ಲ್ಯಾಪ್‌ಟಾಪಿಗೆ ಮೂರು ವರ್ಷ ವಾರಂಟಿ. ಬ್ಯಾಟರಿಗೆ ಮಾತ್ರ ಒಂದೇ ವರ್ಷ ಎಂಬ ಸಾಲು ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿದೆ. ಅದನ್ನು ಓದಿದ್ದು ತೊಂದರೆ ಬಂದ ಮೇಲೆ.

ಶುರುವಿನಲ್ಲಿ ಒಂದು ಚಾರ್ಜಿಗೆ ಆರು ಗಂಟೆ ಆರಾಮಾಗಿ ಬರುತ್ತಿತ್ತು. ಈ ಮೇ ತಿಂಗಳಿಂದ ಸರಸರ ಇಳಿಯಿತು. ಈಗ ಎರಡೂವರೆ ಗಂಟೆ. ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು: ಶೇ 31 ಎಂದು ತೋರಿಸುತ್ತಿರುವಾಗಲೇ ಪರದೆ ಟಪ್ಪೆಂದು ಕಪ್ಪಾಗುತ್ತದೆ. ಎಚ್ಚರಿಕೆ ಇಲ್ಲ, "ಬ್ಯಾಟರಿ ಕಡಿಮೆಯಿದೆ" ಎಂಬ ಸೂಚನೆ ಇಲ್ಲ. ಒಮ್ಮೆ ಶೇ 34ಕ್ಕೇ ಹೋಗಿತ್ತು. ಉಳಿಸಿಕೊಳ್ಳದ ನಲವತ್ತು ಸಾಲು ಹೋಯಿತು. ಚಾರ್ಜರ್ ಹಾಕಿ ತೆರೆದರೆ ಮತ್ತೆ ಶೇ 30 ಎಂದೇ ತೋರಿಸುತ್ತದೆ.

ಜೂನ್ 20ಕ್ಕೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. "ಅಪ್‌ಡೇಟ್ ಹಾಕಿ, ಕೆಲವು ದಿನ ನೋಡಿ" ಅಂದರು. ನೋಡಿದೆ. ಜುಲೈ 10ಕ್ಕೆ ಮತ್ತೆ ಮಾಡಿದಾಗ ಇನ್ನೊಬ್ಬರು "ಬ್ಯಾಟರಿ ಸವೆಯುವ ವಸ್ತು ಮೇಡಂ, ಕೆಪಾಸಿಟಿ ಇಳಿಯುವುದು ಸಹಜ, ವಾರಂಟಿಗೆ ಬರುವುದಿಲ್ಲ" ಎಂದು ಮುಗಿಸಿದರು. ಜುಲೈ 18ಕ್ಕೆ ಬ್ಯಾಟರಿಯ ವರ್ಷವೂ ಮುಗಿಯಿತು.

ಬ್ಯಾಟರಿ ಸವೆಯುತ್ತದೆ ಎಂದು ನನಗೂ ಗೊತ್ತು. ನನ್ನ ಹಳೆಯ ಲ್ಯಾಪ್‌ಟಾಪಿನದು ನಾಲ್ಕು ವರ್ಷದಲ್ಲಿ ನಿಧಾನ ಸವೆದಿತ್ತು, ಯಾರ ಮೇಲೂ ತಕರಾರು ಮಾಡಲಿಲ್ಲ. ಆದರೆ ಇದು ಹಾಗೆ ಅನ್ನಿಸುತ್ತಿಲ್ಲ. ಇದನ್ನು ಸವಕಳಿ ಎಂದು ಒಪ್ಪಿಕೊಳ್ಳಬೇಕಾ? ಅಲ್ಲ ಎಂದಾದರೆ ಅದನ್ನು ತೋರಿಸಿಕೊಡುವುದು ಹೇಗೆ?


ಕುಮಟಾ ರಿಪೇರಿ, 2 ಆಗಸ್ಟ್

ಅಕ್ಕಾ, ಶೇ 31ಕ್ಕೆ ಆಫ್ ಆಗ್ತದೆ ಅಂದ್ರಲ್ಲ, ನಿಮ್ಮ ಇಡೀ ಬರಹದಲ್ಲಿ ಮುಖ್ಯವಾದದ್ದು ಅದೇ. ಸಹಾಯವಾಣಿಯವರಿಗೆ ಆ ಮಾತನ್ನ ಮೊದಲು ಹೇಳಿದ್ರಾ, ಇಲ್ಲ "ಬ್ಯಾಕಪ್ ಕಮ್ಮಿ" ಅಂದ್ರಾ?

ಮೊದಲು ಒಂದು ಕೆಲಸ ಮಾಡಿ. ವಿಂಡೋಸ್ ಆದ್ರೆ ಕಮಾಂಡ್ ಪ್ರಾಂಪ್ಟ್ ತೆಗೆದು 'ಪವರ್‌ಸಿಎಫ್‌ಜಿ' (powercfg) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ಅದಕ್ಕೆ ತಾಗಿಸಿ 'ಬ್ಯಾಟರಿರಿಪೋರ್ಟ್' (batteryreport) ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಒಂದು ಫೈಲ್ ಆಗ್ತದೆ, ಎಲ್ಲಿ ಉಳಿಸಿದೆ ಅಂತ ಅದೇ ಹೇಳ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರ್ತವೆ. ಮೊದಲನೆಯದು ಹುಟ್ಟಿದಾಗಿನದು, ಎರಡನೆಯದು ಇವತ್ತಿನದು. ಕೆಳಗೆ ಹೋದ್ರೆ ಹಿಂದಿನ ವಾರವಾರದ ಲೆಕ್ಕವೂ ಸಿಗ್ತದೆ. ಅದನ್ನ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಹಾಗೇ ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿ ನೋಡಿ. ಅಲುಗಾಡ್ತದಾ? ಟಚ್‌ಪ್ಯಾಡ್ ಒತ್ತಲಿಕ್ಕೆ ಬಿಗಿ ಆಗಿದೆಯಾ? ಹೌದಾದ್ರೆ ಬ್ಯಾಟರಿ ಉಬ್ಬಿದೆ. ಆಗ ಈ ರಿಪೋರ್ಟ್ ಎಲ್ಲ ಬಿಡಿ, ಚಾರ್ಜ್ ಮಾಡೋದನ್ನ ಅಲ್ಲಿಗೇ ನಿಲ್ಲಿಸಿ.


ಬಿಸಿಲುಕೊಪ್ಪ, 2 ಆಗಸ್ಟ್

ಇಷ್ಟೆಲ್ಲ ಯಾಕೆ? ಆನ್‌ಲೈನಿನಲ್ಲಿ 1,500 ರೂಪಾಯಿಗೆ ಬ್ಯಾಟರಿ ಸಿಗುತ್ತದೆ. ಹಾಕಿಸಿ ಕೆಲಸ ನೋಡಿ.


ಕುಮಟಾ ರಿಪೇರಿ, 2 ಆಗಸ್ಟ್

ದಯವಿಟ್ಟು ಬೇಡ. ಆ ಬೆಲೆಗೆ ಬರುವ ಡುಪ್ಲಿಕೇಟ್ ಬ್ಯಾಟರಿ ನಾನು ಬೇಕಾದಷ್ಟು ಬಿಚ್ಚಿ ನೋಡಿದೇನೆ. ಮೇಲೆ ಬರೆದ ಅಂಕಿ ಒಂದು, ಒಳಗೆ ಇರೋದು ಇನ್ನೊಂದು. ಶಾಖ ನೋಡುವ ಸೆನ್ಸರ್ ಸರಿ ಕೂತಿರೋದಿಲ್ಲ. ಉಬ್ಬಸ ಇರುವ ಹಿರಿಯರು ಮಲಗುವ ಮನೆಯಲ್ಲಿ ಅಂಥದ್ದನ್ನ ರಾತ್ರಿಯಿಡೀ ಚಾರ್ಜಿಗೆ ಹಾಕೋದು ಬೇಡ. ಅಲ್ಲದೆ ಅಕ್ಕನ ಲ್ಯಾಪ್‌ಟಾಪಿಗೆ ಇನ್ನೂ ಎರಡು ವರ್ಷ ವಾರಂಟಿ ಇದೆ. ಹೊರಗಿನವರು ಬಿಚ್ಚಿದ್ರೆ ನಾಳೆ ಬೇರೆ ಏನಾದ್ರೂ ಕೆಟ್ಟಾಗ ಅದನ್ನೇ ಹಿಡ್ಕೊಂಡು ವಾದ ಶುರು ಮಾಡ್ತಾರೆ.


ಕಾನಂಚಿನ ಮನೆ, 3 ಆಗಸ್ಟ್

ಕುಮಟಾದ ಅಣ್ಣ ಹೇಳಿದ ಹಾಗೆ ತೆಗೆದೆ. ಲ್ಯಾಪ್‌ಟಾಪ್ ಅಲುಗಾಡುತ್ತಿಲ್ಲ, ಟಚ್‌ಪ್ಯಾಡ್ ಮೊದಲಿನ ಹಾಗೇ ಇದೆ.

ಡಿಸೈನ್ ಕೆಪಾಸಿಟಿ 56,040 ಮಿಲಿವ್ಯಾಟ್‌ಅವರ್ (ಅಂದರೆ 56 ವ್ಯಾಟ್‌ಅವರ್). ಈಗಿನದು 33,900. ಸೈಕಲ್ (ಪೂರ್ತಿ ಚಾರ್ಜು ಖರ್ಚಾದ ಸುತ್ತು) 148.

ಆದರೆ ಹಳೆಯ ಲೆಕ್ಕ ನೋಡಿ ಕೂತೇಬಿಟ್ಟೆ. ಮಾರ್ಚ್ ಕೊನೆಗೆ 52,300. ಏಪ್ರಿಲ್ ಕೊನೆಗೆ 51,600. ಮೇ 11ಕ್ಕೆ 44,200. ಮೇ 25ಕ್ಕೆ 36,800. ಜೂನ್ 15ಕ್ಕೆ 33,900. ಅಂದರೆ ಮೊದಲ ಒಂಬತ್ತು ತಿಂಗಳಲ್ಲಿ ಹೋದದ್ದು ನಾಲ್ಕು ಸಾವಿರ ಚಿಲ್ಲರೆ, ಆಮೇಲಿನ ಆರೇಳು ವಾರದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು. ಆ ವಾರಗಳಲ್ಲಿ ನಾನು ಬೇರೆ ಏನೂ ಮಾಡಿಲ್ಲ. ಅದೇ ಕೋಣೆ, ಅದೇ ಕೆಲಸ.

ಸುಳ್ಳು ಹೇಳಬಾರದು, ಒಂದು ವಿಷಯ ಇದೆ. ನಾನು ಕೂರುವುದು ಮೆತ್ತಿನ (ಮಹಡಿಯ) ಮೇಲೆ, ಬಚ್ಚಲ ಒಲೆಯ ನೇರಕ್ಕೆ. ಮಳೆಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತದೆ ಎಂದೇ ಆ ಜಾಗ ಆರಿಸಿಕೊಂಡದ್ದು. ಕರೆಂಟು ಇರುವಾಗೆಲ್ಲ ಚಾರ್ಜರ್ ಹಾಕಿಯೇ ಇಡುತ್ತೇನೆ, ಯಾವಾಗ ಹೋಗುತ್ತದೋ ಎಂಬ ಭಯಕ್ಕೆ. ಇದರಿಂದ ಹಾಳಾಯಿತಾ?


ಕುಮಟಾ ರಿಪೇರಿ, 3 ಆಗಸ್ಟ್

ಅಕ್ಕಾ, ಆ ಜಾಗದಿಂದ ಸ್ವಲ್ಪ ಹಾಳಾಗಿದೆ. ಆದರೆ ಆ ಹದಿನೇಳು ಸಾವಿರ ಅದರಿಂದ ಹೋದದ್ದಲ್ಲ ಅಂತ ನನ್ನ ಖಾತ್ರಿ. ಯಾಕೆ ಅಂತ ಹೇಳ್ತೆ.

ಲಿಥಿಯಂ ಅಯಾನ್ ಸೆಲ್ ಒಳಗೆ ಒಂದು ಬದಿ ಗ್ರಾಫೈಟ್. ಚಾರ್ಜ್ ಮಾಡುವಾಗ ಲಿಥಿಯಂ ಅದರೊಳಗೆ ಹೋಗಿ ಕೂರ್ತದೆ, ಬಳಸುವಾಗ ವಾಪಸ್ ಬರ್ತದೆ. ಗ್ರಾಫೈಟಿನ ಮೇಲೆ ಒಂದು ತೆಳ್ಳಗಿನ ಪದರ ಬೆಳೀತಾ ಹೋಗ್ತದೆ. ಆ ಪದರ ಬೇಕು, ಇಲ್ಲದಿದ್ರೆ ಸೆಲ್ ಉಳಿಯೋದೇ ಇಲ್ಲ. ಆದರೆ ಅದು ದಪ್ಪ ಆದಷ್ಟೂ ಸ್ವಲ್ಪ ಸ್ವಲ್ಪ ಲಿಥಿಯಂ ಅದರಲ್ಲೇ ಸಿಕ್ಕಿಹಾಕ್ಕೊಂಡು ಕೆಲಸಕ್ಕೆ ಬಾರದ ಹಾಗೆ ಆಗ್ತದೆ. ಸವಕಳಿ ಅಂದ್ರೆ ಮುಖ್ಯವಾಗಿ ಇದೇ. ಬಿಸಿ ಹೆಚ್ಚಿದ್ರೆ ಪದರ ಬೇಗ ಬೆಳೀತದೆ. ಸದಾ ಶೇ 100ರಲ್ಲಿ ನಿಂತಿದ್ರೂ ಬೇಗ ಬೆಳೀತದೆ. ನಿಮ್ಮ ಮೆತ್ತಿನ ಮೇಲೆ ಎರಡೂ ಇತ್ತು. ಅಷ್ಟಾದ್ರೂ ಒಂಬತ್ತು ತಿಂಗಳಿಗೆ ಶೇ 92 ಉಳಿದಿತ್ತು ನೋಡಿ. ಅದು ಸವಕಳಿ. ಅದಕ್ಕೆ ಯಾವ ಕಂಪನಿಯೂ ಬ್ಯಾಟರಿ ಕೊಡೋದಿಲ್ಲ, ಕೊಡಬೇಕಂತಲೂ ನಾನು ಹೇಳೋದಿಲ್ಲ.

ಸವಕಳಿ ಇಳಿಜಾರಿನ ಹಾಗೆ ಬರ್ತದೆ. ನಿಮ್ಮದು ಏಪ್ರಿಲ್ ತನಕ ಇಳಿಜಾರು, ಮೇ ತಿಂಗಳಲ್ಲಿ ಧರೆ ಕುಸಿದ ಹಾಗೆ ಕುಸಿದಿದೆ. 56 ವ್ಯಾಟ್‌ಅವರ್ ಬ್ಯಾಟರಿ ಅಂದ್ರೆ ಸಾಮಾನ್ಯವಾಗಿ ಒಳಗೆ ಮೂರು ಅಥವಾ ನಾಲ್ಕು ಸೆಲ್ ಒಂದರ ಹಿಂದೆ ಒಂದು ಜೋಡಿಸಿರ್ತಾರೆ. ಒಂದು ಸೆಲ್ ದುರ್ಬಲ ಆದ್ರೆ ಉಳಿದವು ಅರ್ಧ ತುಂಬಿರುವಾಗಲೇ ಅದು ಬರಿದಾಗ್ತದೆ. ಒಂದು ಸೆಲ್ಲಿನ ವೋಲ್ಟ್ ಕೆಳಗಿನ ಗಡಿಗೆ ಬಂತು ಅಂದ್ರೆ ಬ್ಯಾಟರಿಯ ಸರ್ಕ್ಯೂಟ್ ಇಡೀ ಪ್ಯಾಕನ್ನೇ ಬಂದ್ ಮಾಡ್ತದೆ. ಉಳಿದವುಗಳ ಲೆಕ್ಕ ಸೇರಿ ಪರದೆಯ ಮೇಲೆ ಶೇ 31 ಅಂತ ಕಾಣ್ತಿರ್ತದೆ. ಬರೇ ಬಿಸಿಯಿಂದ ಹಾಳಾಗಿದ್ರೆ ಎಲ್ಲಾ ಸೆಲ್ಲುಗಳೂ ಹೆಚ್ಚುಕಮ್ಮಿ ಒಟ್ಟಿಗೇ ಇಳೀತಿದ್ವು, ಶೇ 5ರ ತನಕ ಎಳ್ಕೊಂಡು ಹೋಗಿ ಆಫ್ ಆಗ್ತಿತ್ತು.

ಇನ್ನು ಕಂಪನಿಯವರು ಹೇಳುವ ಮೊದಲೇ ಮಾಡಿಡಬೇಕಾದ್ದು ಒಂದಿದೆ. ಶೇ 100 ಚಾರ್ಜ್ ಮಾಡಿ, ಇನ್ನೂ ಎರಡು ಗಂಟೆ ಹಾಗೇ ಬಿಡಿ. ಆಮೇಲೆ ಚಾರ್ಜರ್ ತೆಗೆದು ತಾನಾಗಿ ಆಫ್ ಆಗುವ ತನಕ ಓಡಿಸಿ. ತಣ್ಣಗಾದ ಮೇಲೆ ನಡುವೆ ನಿಲ್ಲಿಸದೆ ಮತ್ತೆ ಶೇ 100ಕ್ಕೆ ಒಯ್ಯಿರಿ. ಕೆಲವು ಸಲ ಅಳತೆಯೇ ತಪ್ಪಿರ್ತದೆ, ಹೀಗೆ ಮಾಡಿದ್ರೆ ಸರಿಹೋಗ್ತದೆ. ಒಂದೇ ಸಲ ಸಾಕು, ತಿಂಗಳು ತಿಂಗಳು ಮಾಡಬೇಡಿ, ಪೂರ್ತಿ ಬರಿದು ಮಾಡೋದು ಬ್ಯಾಟರಿಗೆ ಒಳ್ಳೇದಲ್ಲ. ಮತ್ತೆ ರಿಪೋರ್ಟ್ ತೆಗೀರಿ. ಶೇ 31ರಲ್ಲಿ ಪರದೆ ಕಪ್ಪಾಗೋದನ್ನ ಬೇರೆ ಫೋನಿನಲ್ಲಿ ವಿಡಿಯೋ ಮಾಡಿಟ್ಕೊಳ್ಳಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತರಹದ ಹಾಳು ನೋಡ್ತೆ. ಕಡಲ ಗಾಳಿಗೆ ಬ್ಯಾಟರಿ ಕನೆಕ್ಟರಿನ ಪಿನ್ನಿಗೆ ಹಸಿರು ಹಿಡೀತದೆ, ಅದಕ್ಕೂ ಹೀಗೇ ಆಫ್ ಆಗೋದುಂಟು. ಘಟ್ಟದ ಮೇಲೆ ಅಷ್ಟು ಇರ್ಲಿಕ್ಕಿಲ್ಲ. ಆದ್ರೂ ಟೆಕ್ನಿಶಿಯನ್ ಬಂದ್ರೆ ಪಿನ್ ನೋಡ್ಲಿಕ್ಕೆ ಹೇಳಿ.


ಕಾಳಿ ದಂಡೆ (ಕಾರವಾರ), 4 ಆಗಸ್ಟ್

ತಂಗಿ, ಕುಮಟಾದವರು ಯಂತ್ರದ ಕಡೆ ಹೇಳಿದ್ದಾರೆ, ನಾನು ಕಾಗದದ ಕಡೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮ ಫ್ರಿಜ್ಜಿನ ತಕರಾರಿನಲ್ಲಿ ಇದನ್ನೆಲ್ಲ ಕಲಿತೆ.

ವಾರಂಟಿ ಕಾರ್ಡು ತೆಗೆದು ಪೂರ್ತಿ ಓದಿ. ಸಾಮಾನ್ಯವಾಗಿ ಅದರಲ್ಲಿ ಎರಡು ಮಾತು ಇರುತ್ತವೆ. ಬಳಕೆಯಿಂದ ಕೆಪಾಸಿಟಿ ಇಳಿದರೆ ಹೊಣೆಯಲ್ಲ ಎನ್ನುವುದು ಒಂದು. ಸಾಮಗ್ರಿಯ ಅಥವಾ ತಯಾರಿಕೆಯ ದೋಷ ಇದ್ದರೆ ಅವಧಿಯೊಳಗೆ ಬದಲಿಸಿ ಕೊಡುತ್ತೇವೆ ಎನ್ನುವುದು ಇನ್ನೊಂದು. ಸಹಾಯವಾಣಿಯವರು ಮೊದಲನೆಯದನ್ನು ಮಾತ್ರ ಹೇಳಿದ್ದಾರೆ. ನೀವು ಎರಡನೆಯದನ್ನು ಹಿಡಿಯಿರಿ. ಶೇ ಎಷ್ಟಕ್ಕೆ ಇಳಿದರೆ ದೋಷ ಎಂದು ಬಹಳ ಕಾರ್ಡುಗಳಲ್ಲಿ ಅಂಕಿ ಹಾಕಿರುವುದಿಲ್ಲ. ಆಪಲ್‌ನವರು ತಮ್ಮ ಆಪಲ್‌ಕೇರ್ ಪ್ಲಸ್ ಯೋಜನೆಯಲ್ಲಿ ಶೇ 80ಕ್ಕಿಂತ ಕೆಳಗೆ ಬಂದರೆ ಬದಲಿಸುತ್ತೇವೆ ಎಂದು ಅಂಕಿ ಹಾಕಿಯೇ ಹೇಳುತ್ತಾರೆ. ಅಂಕಿ ಇಲ್ಲದ ಕಡೆ "ಇಳಿದಿದೆ" ಎಂದರೆ ಅವರು "ಸಹಜ" ಅನ್ನುತ್ತಾರೆ. ಹಾಗಾಗಿ ಪತ್ರದಲ್ಲಿ "ಬ್ಯಾಕಪ್ ಕಡಿಮೆ" ಎಂಬ ಪದವೇ ಬೇಡ. "ಶೇ 31 ಉಳಿದಿರುವಾಗ ಯಂತ್ರ ಎಚ್ಚರಿಕೆಯಿಲ್ಲದೆ ನಿಲ್ಲುತ್ತದೆ" ಎಂದೇ ಶುರು ಮಾಡಿ.

ಜುಲೈ 18 ದಾಟಿತು ಎಂದು ಎದೆಗುಂದಬೇಡಿ. ನೀವು ದೂರು ಹೇಳಿದ್ದು ಜೂನ್ 20ಕ್ಕೆ, ಆಗ ಅವಧಿ ಇತ್ತು. ಅವರು ಕಾಯಿಸಿದ ದಿನಗಳನ್ನು ನಿಮ್ಮ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಆ ದಿನ ಫೋನಿಗೆ ದೂರಿನ ಸಂಖ್ಯೆಯ ಎಸ್‌ಎಂಎಸ್ ಬಂದಿರಬೇಕು, ಹುಡುಕಿ. ಸಿಕ್ಕರೆ ಚಿತ್ರ ತೆಗೆದು ನಾಲ್ಕು ಕಡೆ ಇಟ್ಟುಕೊಳ್ಳಿ. ಇನ್ನು ಫೋನ್ ಮಾತುಕತೆ ಸಾಕು. ಇಮೇಲ್ ಬರೆಯಿರಿ. ಬಿಲ್, ದೂರಿನ ಸಂಖ್ಯೆ, ರಿಪೋರ್ಟ್, ವಿಡಿಯೋ ಎಲ್ಲ ಸೇರಿಸಿ, ಇಂತಿಷ್ಟು ದಿನದಲ್ಲಿ ಉತ್ತರ ಬೇಕು ಎಂದು ಕೇಳಿ.

ಅದಕ್ಕೂ ಬಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಕಂಪನಿಗೆ ದೂರು ದಾಟಿಸುತ್ತಾರೆ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಬೆಂಗಳೂರಲ್ಲಿರಲಿ, ದಿಲ್ಲಿಯಲ್ಲಿರಲಿ. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ. ತೊಂದರೆ ಶುರುವಾದ ದಿನದಿಂದ ಎರಡು ವರ್ಷ ಕಾಲಾವಕಾಶ. ಆನ್‌ಲೈನಿನಲ್ಲೂ ಸಲ್ಲಿಸಬಹುದು, ಈಗ ಅದಕ್ಕೆ ಇ-ಜಾಗೃತಿ ಎಂಬ ಪೋರ್ಟಲ್ ಇದೆ. ವಾನಳ್ಳಿಯಿಂದ ಘಟ್ಟ ಇಳಿದು ಬರುವ ಅಗತ್ಯ ಮೊದಲ ಹಂತದಲ್ಲೇ ಬೀಳುವುದಿಲ್ಲ.

"ನೀವು ಇದರಿಂದ ಸಂಪಾದನೆ ಮಾಡುತ್ತೀರಿ, ವಾಣಿಜ್ಯ ಬಳಕೆ, ಆದ್ದರಿಂದ ಗ್ರಾಹಕರಲ್ಲ" ಎಂಬ ವಾದ ತೆಗೆಯಬಹುದು. ಬಗ್ಗಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶಕ್ಕೆ ಸೇರುವುದಿಲ್ಲ ಎಂದು ಆ ಕಾಯಿದೆಯ ವಿವರಣೆಯಲ್ಲೇ ಇದೆ. ನೀವು ಒಬ್ಬರೇ ಮನೆಯಲ್ಲಿ ಕೂತು ಮಾಡುವ ಕೆಲಸ, ಬಿಲ್ಲೂ ನಿಮ್ಮ ಹೆಸರಿನಲ್ಲೇ ಇದೆ.


ಅಂಕೋಲಾ ಬಂಡೆ, 4 ಆಗಸ್ಟ್

ಅಕ್ಕಾ, ತೀರ್ಮಾನ ಆಗುವವರೆಗೆ ಕೆಲಸ ನಿಲ್ಲಬಾರದಲ್ಲ. ನಿಮ್ಮ ಲ್ಯಾಪ್‌ಟಾಪ್ ಟೈಪ್ ಸಿ ಪಿನ್ನಿನಿಂದ ಚಾರ್ಜ್ ಆಗುತ್ತದೆಯೇ ನೋಡಿ. ಆಗುವುದಾದರೆ 65 ವ್ಯಾಟ್ ಕೊಡುವ 20,000 ಮಿಲಿಆಂಪ್‌ಅವರ್ ಪವರ್ ಬ್ಯಾಂಕ್ ತೆಗೆದುಕೊಳ್ಳಿ. ಅದು ಲೆಕ್ಕಕ್ಕೆ 74 ವ್ಯಾಟ್‌ಅವರ್. ಪರಿವರ್ತನೆಯಲ್ಲಿ ಸ್ವಲ್ಪ ಹೋಗುತ್ತದೆ, ಆದರೂ ನಿಮ್ಮ ಬ್ಯಾಟರಿ ಹೊಸದಿದ್ದಾಗ ಕೊಡುತ್ತಿದ್ದಷ್ಟು ಹೆಚ್ಚುಕಮ್ಮಿ ಸಿಗುತ್ತದೆ. ನಾನು ದೋಣಿಯಲ್ಲಿ ಸರ್ವೆ ಕೆಲಸಕ್ಕೆ ಹೋಗುವಾಗ ಅದನ್ನೇ ಒಯ್ಯುವುದು. ಮೊಬೈಲಿಗೆಂದು ಮಾರುವ ಸಣ್ಣ ವ್ಯಾಟಿನದು ಬೇಡ, ಬಹಳ ಲ್ಯಾಪ್‌ಟಾಪುಗಳು ಅದನ್ನು ಸ್ವೀಕರಿಸುವುದಿಲ್ಲ.


ಕಾನಂಚಿನ ಮನೆ, 9 ಆಗಸ್ಟ್

ಎಸ್‌ಎಂಎಸ್ ಸಿಕ್ಕಿತು! ಜೂನ್ 20, ಮಧ್ಯಾಹ್ನ 12:14. ಪುಣ್ಯಕ್ಕೆ ಅಳಿಸಿರಲಿಲ್ಲ.

ಅಣ್ಣ ಹೇಳಿದ ಹಾಗೆ ಪೂರ್ತಿ ಓಡಿಸಿ ಮತ್ತೆ ತುಂಬಿದೆ. 33,900 ಇದ್ದದ್ದು 35,200 ಆಯಿತು, ಅಷ್ಟೇ. ಆಫ್ ಆದದ್ದು ಶೇ 29ಕ್ಕೆ. ವಿಡಿಯೋ ಮಾಡಿದ್ದು ಮಗಳು, ಕೈ ನಡುಗದ ಹಾಗೆ ಫೋನನ್ನು ಸೇರಿನ ಮೇಲೆ ಒರಗಿಸಿಟ್ಟು ಮುಕ್ಕಾಲು ಗಂಟೆ ಕಾದಳು. ಮೂಲೆಯಲ್ಲಿ ಶೇ 29 ಸ್ಪಷ್ಟ ಕಾಣುತ್ತದೆ, ಮರುಗಳಿಗೆ ಕಪ್ಪು.

ಇಮೇಲ್ ನಿನ್ನೆ ಕಳಿಸಿದೆ. ಏಪ್ರಿಲ್‌ನಿಂದ ಜೂನ್ ತನಕದ ಅಂಕಿಗಳನ್ನು ಪತ್ರದ ಮೊದಲ ಭಾಗದಲ್ಲೇ ಬರೆದೆ. ಕೆಲಸದ ಜಾಗ ಜಗಲಿಗೆ ಬದಲಿಸಿದೆ. ಅಲ್ಲಿ ಥಂಡಿ, ಶಾಲು ಹೊದ್ದು ಕೂರುತ್ತೇನೆ.


ಕಾನಂಚಿನ ಮನೆ, 6 ಸೆಪ್ಟೆಂಬರ್

ತಡವಾಯಿತು, ಕ್ಷಮಿಸಿ. ಮೊದಲ ಇಮೇಲಿಗೆ ಮತ್ತೆ "ಸಹಜ ಸವಕಳಿ" ಎಂದೇ ಉತ್ತರ ಬಂತು, ವಿಡಿಯೋ ತೆರೆದು ನೋಡಿದ ಹಾಗೆ ಕಾಣಲಿಲ್ಲ. 1915ಕ್ಕೆ ಫೋನ್ ಮಾಡಿದೆ. ಎಂಟು ದಿನಕ್ಕೆ ಕಂಪನಿಯಿಂದ ಬೇರೆ ಒಬ್ಬರು ತಾವಾಗಿಯೇ ಫೋನ್ ಮಾಡಿದರು, ಸೆಪ್ಟೆಂಬರ್ 3ಕ್ಕೆ ಹುಬ್ಬಳ್ಳಿಯಿಂದ ಟೆಕ್ನಿಶಿಯನ್ ಬಂದರು. ಒಳ್ಳೆಯ ಹುಡುಗ. ಮಳೆಯಲ್ಲಿ ಬೈಕಿನ ಮೇಲೆ ಬಂದಿದ್ದ, ಮೊದಲು ಬಿಸಿ ಕಷಾಯ ಕೊಟ್ಟೆವು.

ತಳದ ಮುಚ್ಚಳ ತೆಗೆದ ಮೇಲೆ ನನ್ನನ್ನೂ ಕರೆದು ತೋರಿಸಿದ. ಕಪ್ಪು ಹಾಳೆ ಸುತ್ತಿದ ಮೂರು ಚಪ್ಪಟೆ ಸೆಲ್ ಸಾಲಾಗಿ ಇದ್ದವು. ಕಣ್ಣಿಗೆ ಎಲ್ಲ ಒಂದೇ. ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ಟಾರ್ಚ್ ಬಿಟ್ಟಾಗ ನಡುವಿನ ಸೆಲ್ ಮಾತ್ರ ಪಟ್ಟಿಯನ್ನು ಎತ್ತಿ ಹಿಡಿದಿತ್ತು, ಎರಡೂ ಬದಿಗೆ ಬೆಳಕು ಹಾಯುತ್ತಿತ್ತು. ಹೊರಗಿಂದ ಗೊತ್ತಾಗುವಷ್ಟು ಉಬ್ಬಿರಲಿಲ್ಲ. ಪಿನ್ ಸ್ವಚ್ಛ ಇತ್ತು. ಬ್ಯಾಟರಿ ಬದಲಿಸಿದ, ದುಡ್ಡು ತೆಗೆದುಕೊಳ್ಳಲಿಲ್ಲ. ಹಳೆಯದನ್ನು ತಾನೇ ಬೇರೆ ಡಬ್ಬಿಯಲ್ಲಿಟ್ಟು ಒಯ್ದ.

ಹೊಸದರ ರಿಪೋರ್ಟ್ 56,040ಕ್ಕೆ 56,010. ಮೊನ್ನೆ ರಾತ್ರಿ ಏಳಕ್ಕೆ ಕರೆಂಟು ಹೋಯಿತು, ಒಂದು ತಾಳಮದ್ದಳೆಯ ಕೊನೆಯ ಭಾಗ ಬಾಕಿ ಇತ್ತು. ಶೇ 31 ಬಂದಾಗ ಅಭ್ಯಾಸಬಲದಿಂದ ಸೇವ್ ಒತ್ತಿ ಕೈ ತೆಗೆದು ಕೂತೆ. 30 ಆಯಿತು, 29 ಆಯಿತು. ಮುಂದುವರಿಸಿದೆ.

ಎರಡು ಪ್ರಶ್ನೆ ಉಳಿದಿದೆ. ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ವ್ಯವಸ್ಥೆ ಇದರಲ್ಲಿ ಇದೆಯಂತೆ, ಹುಡುಗ ಹಾಕಿಕೊಟ್ಟ. ಆದರೆ ಮಳೆಗಾಲದಲ್ಲಿ ನನಗೆ ಪೂರ್ತಿ ನೂರೂ ಬೇಕು. ಇನ್ನೊಂದು, ಸ್ಲಿಪ್ಪಿನಲ್ಲಿ ಬದಲಿಸಿದ ಬ್ಯಾಟರಿಗೆ 90 ದಿನ ಮಾತ್ರ ವಾರಂಟಿ ಎಂದಿದೆ.


ಕುಮಟಾ ರಿಪೇರಿ, 6 ಸೆಪ್ಟೆಂಬರ್

ಓದಿ ಬಹಳ ಸಂತೋಷ ಆಯ್ತು ಅಕ್ಕಾ. ಉಕ್ಕಿನ ಪಟ್ಟಿ ಇಟ್ಟು ನೋಡಿದ ಆ ಹುಡುಗ ಕೆಲಸ ಬಲ್ಲವ.

ಶೇ 80 ಹಾಕಿಡಿ. ಬೇಸಿಗೆಯಲ್ಲಿ, ಕರೆಂಟು ಸರಿ ಇರುವ ದಿನಗಳಲ್ಲಿ ಅದು ಸಾಕು. ಗಾಳಿ ಎದ್ದ ದಿನ, ದೊಡ್ಡ ಕೆಲಸ ಕೈಯಲ್ಲಿದ್ದ ದಿನ ಅದನ್ನ ತೆಗೆದು ನೂರು ಮಾಡಿಕೊಳ್ಳಿ, ಏನೂ ಆಗೋದಿಲ್ಲ. ತಿಂಗಳುಗಟ್ಟಲೆ ನೂರರಲ್ಲೇ ನಿಲ್ಲಿಸಿಡೋದು ಕೆಟ್ಟದ್ದು, ಬೇಕಾದ ದಿನ ತುಂಬಿಸಿ ಖರ್ಚು ಮಾಡೋದಲ್ಲ. ಎಲ್ಲಾದ್ರೂ ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ತಣ್ಣಗಿನ ಕಡೆ ಇಟ್ಟು ಹೋಗಿ.

ಇದನ್ನ ಓದುವ ಬೇರೆಯವರಿಗೂ ಹೇಳ್ತೆ, ಹಾಳಾದ ಬ್ಯಾಟರಿಯನ್ನ ಅಡಿಕೆ ಸಿಪ್ಪೆ ಸುಡುವ ಕಡೆ, ಗೊಬ್ಬರಗುಂಡಿಗೆ ಎಸೀಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದ್ದೇ. ಕೊಡುವ ತನಕ ಮಕ್ಕಳ ಕೈಗೆ ಸಿಗದ ಹಾಗೆ, ಸುಡದಂಥ ಡಬ್ಬಿಯಲ್ಲಿ ಇಡಿ.


ಕಾಳಿ ದಂಡೆ, 7 ಸೆಪ್ಟೆಂಬರ್

ತಂಗಿ, 90 ದಿನ ಅಂದರೆ ಡಿಸೆಂಬರ್ ಶುರುವಿಗೆ ಮುಗಿಯುತ್ತದೆ. ನವೆಂಬರ್ ಕೊನೆಯ ವಾರ ಒಮ್ಮೆ ಪೂರ್ತಿ ಓಡಿಸಿ ರಿಪೋರ್ಟ್ ತೆಗೆದಿಡಿ. ಕುಸಿತ ಕಂಡರೆ ಅದೇ ದಿನ ಇಮೇಲ್. ಹಳೆಯ ದೂರಿನ ಸಂಖ್ಯೆ ಮತ್ತು 1915ರವರು ಕೊಟ್ಟ ಸಂಖ್ಯೆ ಎರಡನ್ನೂ ವಾರಂಟಿ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದಿಡಿ.


ಕಾನಂಚಿನ ಮನೆ, 7 ಸೆಪ್ಟೆಂಬರ್

ಬರೆದೆ ಅಣ್ಣ. ಕ್ಯಾಲೆಂಡರಿನಲ್ಲಿ ನವೆಂಬರ್ 24ಕ್ಕೆ ಗುರುತು ಹಾಕಿದ್ದೇನೆ. ಅವತ್ತು ಏನು ಬರುತ್ತದೋ ಇಲ್ಲೇ ಹಾಕುತ್ತೇನೆ.